ಹೊಳೆಯ ಅಂಕಿ, ಅಕ್ಕನ ಮಾತು

ಎರಡು ಸಾವಿರದ ಇಸವಿ ದಾಟಿದ ಹೊಸತು. ಪುಣೆಯ ಶಿವಾಜಿನಗರದಲ್ಲಿ ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಇಂಟರ್ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ, ಅದು ನನ್ನ ಮೇಜಿನ ಮೇಲಿತ್ತು. ಬೀಜ, ಗೊಬ್ಬರ ಲಾರಿಗೆ ಹೇರಿ ಊರೂರಿಗೆ ಕಳಿಸುವ ಸಣ್ಣ ಏಜೆನ್ಸಿ. ಮಳೆಗಾಲದಲ್ಲಿ ಯಾವ ಹೊಳೆ ತುಂಬಿದೆ, ಯಾವ ದಾರಿ ಬಂದಾಗಿದೆ ಎಂದು ತಿಳಿಯದೆ ಲಾರಿ ಬಿಡುವಂತಿರಲಿಲ್ಲ. ಆಣೆಕಟ್ಟುಗಳಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ತೋರಿಸುವ ಒಂದು ವೆಬ್ ಪುಟವಿತ್ತು. ಅದನ್ನು ಮತ್ತೆ ಮತ್ತೆ ತೆರೆದು, ಅಂಕಿಗಳನ್ನು ಚೀಟಿಯ ಮೇಲೆ ಗೀಚಿಕೊಂಡು, ಎಕ್ಸೆಲ್ ಹಾಳೆಯಲ್ಲಿ ತುಂಬುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಒಂದು ದಿನ ಪೆನ್ನು ಬಿಸಾಕಿ, ಇದೇನು ಕತ್ತೆ ಚಾಕರಿ ಎಂದು ಕೂಗಾಡಿದೆ.

ಪಕ್ಕದ ಮೇಜಿನ ಮರಾಠಿ ಅಕೌಂಟೆಂಟರು ನಕ್ಕು ಎದ್ದು ಬಂದರು. ಹಾಳೆಯೊಳಗೇ ಆ ಪುಟದ ವಿಳಾಸ ಕೊಟ್ಟು, ಬೇಕಾದ ಕೋಷ್ಟಕದ ಮೂಲೆಯಲ್ಲಿದ್ದ ಹಳದಿ ಬಾಣವನ್ನು ಒತ್ತಿದರು. ಅಂಕಿಗಳು ತಾವಾಗಿಯೇ ಬಂದು ಹಾಳೆಯ ಚೌಕದ ಮನೆಗಳಲ್ಲಿ ಕೂತವು. ಇನ್ನು ಬರೆಯುವುದು ಬೇಡ, ರಿಫ್ರೆಶ್ ಒತ್ತಿದರೆ ಹೊಸದು ಬರುತ್ತದೆ ಎಂದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಆ ಅಂಕಿಗಳಲ್ಲಿ ಒಂದು ನನ್ನ ಸ್ವಂತದ್ದು. ಪುಣೆಯ ಹೊಳೆ ಮುಂದೆ ಹೋಗಿ ಭೀಮೆಯನ್ನು ಸೇರುತ್ತದೆ, ಭೀಮೆಯ ನೀರು ನಡುವೆ ಒಂದು ದೊಡ್ಡ ಆಣೆಕಟ್ಟಿನಲ್ಲಿ ನಿಲ್ಲುತ್ತದೆ, ಅದು ತುಂಬಿ ಬಾಗಿಲು ತೆರೆದರೆ ನಮ್ಮೂರಿಗೆ ಹರಿಯುತ್ತದೆ. ವಿಜಾಪುರದ ಕಡೆಯ ಆ ಊರಿನಲ್ಲಿ, ಹೊಳೆಯ ದಂಡೆಗೆ ಅಂಟಿಕೊಂಡಂತಿದ್ದ ನಮ್ಮ ಮನೆಯಲ್ಲಿ, ನನ್ನ ಅಕ್ಕ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಆ ಗಿರಣಿಯೇ ಅವಳ ಸಂಸಾರ. ಅಲ್ಲಿ ಫೋನಿತ್ತು. ದೊಡ್ಡ ಆಣೆಕಟ್ಟಿನ ಅಂಕಿ ಏರಿತೆಂದರೆ ನಾನು ಫೋನು ಮಾಡಿ ಹೇಳುತ್ತಿದ್ದೆ. ಕಂಪ್ಯೂಟರಿಗೆ ಅವಳು ಡಬ್ಬಿ ಅನ್ನುತ್ತಿದ್ದಳು. ಫೋನೆತ್ತಿದ ಕೂಡಲೇ, "ಏನಂತದವಾ ನಿನ್ನ ಡಬ್ಬಿ?" ಎಂದು ಕೇಳುವಳು.

ಮಾರನೆಯ ದಿನ ನಾನು ಕೇಳುವ ಸರದಿ. ನೀರು ಎಲ್ಲಿಯ ತನಕ ಬಂತು? ಅಕ್ಕನಿಗೆ ಕ್ಯೂಸೆಕ್ಕು ಗೊತ್ತಿರಲಿಲ್ಲ, ನನಗೂ ಅದು ಬಾಯಿಪಾಠವಷ್ಟೆ. ಅವಳು ಹೊಳೆಯ ಘಟ್ಟದ ಕೆಳಗಿನ ಮೆಟ್ಟಿಲು ಮುಳುಗಿದೆ ಅನ್ನುವಳು, ಇಲ್ಲವೇ ಘಟ್ಟದ ಮೇಲಿನ ಕಲ್ಲು ಬಸವಣ್ಣನ ಪಾದ ಮುಟ್ಟಿದೆ ಅನ್ನುವಳು. ಆ ಮಾತನ್ನು ಅಂಕಿಯ ಎದುರಿಗೇ ಬರೆದಿಡಬೇಕೆಂದು ಆಸೆಯಾಯಿತು. ಬರೆದೆ. ರಿಫ್ರೆಶ್ ಒತ್ತಿದ್ದೇ ತಡ, ಹೊಸ ಅಂಕಿ ಬಂತು, ಅಕ್ಕನ ಮಾತು ಮಾಯ. ಕಷ್ಟಪಟ್ಟು ಕನ್ನಡದಲ್ಲಿ ಟೈಪು ಮಾಡಿದ್ದು! ಅಕೌಂಟೆಂಟರ ಮೇಲೆ ಹರಿಹಾಯ್ದೆ. ಹೊರಗಿನಿಂದ ಬಂದು ಕೂರುವ ಜಾಗದಲ್ಲಿ ನಾವು ಬರೆದದ್ದು ನಿಲ್ಲುವುದಿಲ್ಲ, ನಿಮ್ಮದೇನಿದ್ದರೂ ಆ ಗಡಿಯ ಆಚೆ ಬರೆದುಕೊಳ್ಳಿ ಎಂದು ಅವರು ಸಮಾಧಾನದಿಂದ ಹೇಳಿದರು. ಅಂದಿನಿಂದ ಬೇರೊಂದು ಹಾಳೆಯಲ್ಲಿ ಆಯಾ ದಿನದ ಅಂಕಿಯನ್ನು ಅಂಟಿಸಿ, ಅದರ ಪಕ್ಕದ ಮನೆಯಲ್ಲಿ ಅಕ್ಕನ ಮಾತು ಬರೆಯತೊಡಗಿದೆ. ಎರಡು ಮೂರು ಮಳೆಗಾಲದಲ್ಲಿ ಅಂಕಿ ನೋಡಿದರೆ ಸಾಕು, ಘಟ್ಟ ಕಣ್ಣಿಗೆ ಕಟ್ಟುವಷ್ಟಾಯಿತು.

ನನಗೆ ಹೊಳೆಯದೇ ಹೋದದ್ದು ಇನ್ನೊಂದು. ನಮ್ಮ ಕಡೆ ಹೊಳೆಗೆ ಹೊಸ ನೀರು ಬಂದರೆ ಹೆಂಗಸರು ಗಂಗವ್ವನ ಉಡಿ ತುಂಬುತ್ತಾರೆ. ಅರಿಸಿನ ಕುಂಕುಮ, ಹಸಿರು ಬಳೆ, ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ ನೀರಿಗೆ ಬಿಟ್ಟು ಕೈ ಮುಗಿಯುತ್ತಾರೆ. ನಾನು ಫೋನು ಮಾಡುತ್ತಿದ್ದದ್ದು ಅಕ್ಕ ಎಚ್ಚರವಾಗಿರಲಿ, ಮೇಲಕ್ಕೆ ಹೋಗಲಿ ಎಂದು. ಅವಳು ಅದನ್ನು ಕೇಳಿಸಿಕೊಳ್ಳುತ್ತಿದ್ದದ್ದು ಗಂಗವ್ವ ಬರುವ ಸುದ್ದಿಯೆಂದು. ಗಿರಣಿಗೆ ಬಂದವರಿಗೆಲ್ಲ, ನಮ್ಮ ತಂಗಿ ಪುಣೆಯಿಂದ ಹೇಳ್ಯಾಳ, ನಾಳೆ ಹೊಸ ನೀರು ಬರತಾವು, ಎಲ್ಲಾರೂ ತಯಾರಾಗ್ರಿ ಅನ್ನುತ್ತಿದ್ದಳಂತೆ. ಇದು ನನಗೆ ತಿಳಿದದ್ದು ಆ ವರ್ಷ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಹಿಂದಿನ ಸಂಜೆ ಅಂಕಿ ಏರಿದ್ದನ್ನು ಕಂಡು ಅಕ್ಕನಿಗೆ ಹೇಳಿದ್ದೆ. ಬೆಳಿಗ್ಗೆ ಸದಾಶಿವ ಪೇಠೆಯ ನನ್ನ ಕೋಣೆಯಿಂದ ತೊಯ್ದು ತೊಪ್ಪೆಯಾಗಿ ಕಚೇರಿಗೆ ಬಂದು ರಿಫ್ರೆಶ್ ಒತ್ತಿದೆ. ಅಂಕಿ ದುಪ್ಪಟ್ಟು ದಾಟಿತ್ತು. ಮತ್ತೊಮ್ಮೆ ಒತ್ತಿದೆ, ಅದೇ ಅಂಕಿ. ನನ್ನ ಹಾಳೆಯಲ್ಲಿ ಅಷ್ಟು ದೊಡ್ಡ ಅಂಕಿ ಎಲ್ಲೂ ಇರಲಿಲ್ಲ, ಅದರ ಎದುರಿಗೆ ಅಕ್ಕ ಯಾವತ್ತೂ ಏನೂ ಹೇಳಿರಲಿಲ್ಲ. ಬಸವಣ್ಣನೇ ಮುಳುಗುವ ನೀರು, ಮನೆ ಉಳಿಯುವುದುಂಟೇ? ಫೋನು ಮಾಡಿದೆ.

ಅಕ್ಕ ಹುರುಪಿನಲ್ಲಿದ್ದಳು. ಓಣಿಯ ಹೆಂಗಸರೆಲ್ಲ ತಾಟು ಹಿಡಿದು ಗಿರಣಿಯ ಮುಂದೆ ನಿಂತಿದ್ದಾರೆ, ಈಗ ಘಟ್ಟಕ್ಕೆ ಹೊರಡುವುದೇ ಅಂದಳು. ಹಿಂದೆ ಬಳೆಗಳ ಸದ್ದು, ನಗು ಕೇಳಿಸುತ್ತಿತ್ತು. ಅಷ್ಟೂ ಹೆಂಗಸರು ಅಲ್ಲಿ ಕೂಡಿದ್ದು ನನ್ನ ಫೋನಿನಿಂದ. ಘಟ್ಟಕ್ಕೆ ಹೋಗಬೇಡ, ಎಲ್ಲರನ್ನೂ ಕರೆದುಕೊಂಡು ದಿನ್ನೆಯ ಮೇಲಿನ ಸಾಲೆಗೆ ಹೋಗು ಎಂದು ಬೇಡಿಕೊಂಡೆ. ಉಡಿ ತುಂಬಿಯೇ ಹೋಗುತ್ತೇನೆ ಎಂದು ಅವಳ ಹಟ.

"ಅಷ್ಟ ದೂರದಿಂದ ಬರಾಕತ್ತಾಳ. ಆಕೀನ್ನ ಬರೇ ಉಡೀಲೆ ಕಳಸೂಣೇನ?" ಎಂದಳು.

ಕಚೇರಿಯೆಂಬುದನ್ನೂ ಮರೆತು ಕಿರುಚಿದೆ. "ಅಕ್ಕಾ, ಹೊಳಿಗೆ ಕಾಲಿಟ್ಟಿ ಅಂದ್ರ ನನ್ನ ಹೆಣಾ ನೋಡ್ತಿ. ಅವ್ವನ ಆಣಿ ಅದ ನಿನಗ. ಈ ನೀರು ಇಲ್ಲಿಂದನ ಬರತಾವ ಹೌದಿಲ್ಲೋ? ಉಡಿ ನಾ ಇಲ್ಲೇ ತುಂಬ್ತೀನಿ. ನೀ ಮ್ಯಾಲೆ ಹೋಗು."

ಖಣ ಹಸಿರದ್ದನ್ನೇ ತಗೋ ಎಂದು ಹೇಳಿ ಅಕ್ಕ ಫೋನಿಟ್ಟಳು. ನಾನು ತಲೆಯೆತ್ತಿದಾಗ ಕಚೇರಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು.

ಸಂಜೆ ಖಣ, ಬಳೆ ಕೊಂಡು ಹೊಳೆಗೆ ಹೋದೆ. ತಗ್ಗಿನ ಸೇತುವೆ ಮುಳುಗಿತ್ತು, ದಂಡೆಗೆ ಬಿಡುತ್ತಿರಲಿಲ್ಲ. ಎತ್ತರದ ಸೇತುವೆಯ ಮೇಲೆ ನೀರು ನೋಡಲು ಜನ ಕೊಡೆ ಹಿಡಿದು ನಿಂತಿದ್ದರು. ಅವರ ನಡುವೆ ನುಗ್ಗಿ, ಕಟಕಟೆಯ ಮೇಲಿಂದ ಎಲ್ಲವನ್ನೂ ಕೆಳಗೆ ಬಿಟ್ಟೆ. ಕಸ ಹಾಕುತ್ತಿದ್ದೇನೆಂದು ಒಬ್ಬರು ಮರಾಠಿಯಲ್ಲಿ ಬೈದರು. ಬೈಸಿಕೊಂಡೆ. ನನ್ನ ಅಕ್ಕನನ್ನು ಬಿಡು ತಾಯಿ ಎಂದಷ್ಟೇ ಬೇಡಿಕೊಂಡೆ.

ಗಿರಣಿಯ ಫೋನು ಸತ್ತುಹೋಯಿತು. ಆ ದಿನಗಳಲ್ಲಿ ನಾನು ರಿಫ್ರೆಶ್ ಒತ್ತುತ್ತ ಕೂತೆ. ಅಂಕಿ ಏರಿತು, ನಿಂತಿತು, ಇಳಿಯತೊಡಗಿತು. ಅದು ತನ್ನಷ್ಟಕ್ಕೆ ಬರುತ್ತಲೇ ಇತ್ತು. ಹಾಳೆಯಲ್ಲಿ ಅದರ ಪಕ್ಕದ, ಅಕ್ಕನ ಮಾತಿನ ಮನೆ ಮಾತ್ರ ಖಾಲಿ. ನೀರಿನ ಸುದ್ದಿ ಅಷ್ಟು ದೂರದಿಂದ ಬಂದು ಕೂರುತ್ತದೆ, ನನ್ನ ಅಕ್ಕ ಇದ್ದಾಳೋ ಇಲ್ಲವೋ ಎಂದು ಹೇಳುವ ಪುಟ ಒಂದೂ ಇಲ್ಲವಲ್ಲ ಎಂದು ಆ ಪರದೆಯ ಮೇಲೇ ಸಿಟ್ಟು ಬಂತು. ಅಕೌಂಟೆಂಟರು ಚಹಾ ತಂದಿಡುತ್ತಿದ್ದರು, ಅದು ಆರುತ್ತಿತ್ತು.

ಕೊನೆಗೆ ಯಾರದೋ ಮೊಬೈಲಿನಿಂದ ಫೋನು ಬಂತು. ಅಕ್ಕನೇ. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು: "ತುಂಬಿದೇನ?"

ತುಂಬಿದೆ ಅಂದೆ. ಹಸಿರು ಖಣವೇ ಅಂದೆ. ಅಳು ತಡೆಯಲಾಗಲಿಲ್ಲ. ಹೆಂಗಸರೆಲ್ಲ ಸಾಲೆಯಲ್ಲಿ ಸುರಕ್ಷಿತವಾಗಿದ್ದಾರೆಂದು ಅಕ್ಕ ಹೇಳಿದಳು. ಸಮಾಧಾನವಾದ ಮೇಲೆ ರೂಢಿಯಂತೆ, ನೀರು ಎಲ್ಲಿಯ ತನಕ ಬಂತು ಎಂದು ಕೇಳಿಬಿಟ್ಟೆ.

"ಅವ್ವನ ಫೋಟೋತನಕ," ಅಂದಳು.

ಅದು ನಡುಮನೆಯ ಗೋಡೆಯ ಮೇಲೆ, ಆಳೆತ್ತರದಲ್ಲಿತ್ತು. ಆ ದೊಡ್ಡ ಅಂಕಿಯ ಪಕ್ಕದಲ್ಲಿ ಅವಳ ಮಾತನ್ನು ಹಾಗೆಯೇ ಬರೆದೆ.

ಮಣ್ಣಿನ ಮನೆ ಕುಸಿದಿತ್ತು, ಗಿರಣಿ ಕೆಸರಲ್ಲಿ ಹೂತಿತ್ತು. ಪುಣೆಗೆ ಬಾ ಎಂದರೆ ಅಕ್ಕ ಒಪ್ಪಲಿಲ್ಲ. ದಿನ್ನೆಯ ಆಚೆ ತಗಡಿನ ಪತ್ರಾಸಿನ ಮನೆ ಕಟ್ಟಿಕೊಂಡು, ಹಳೆಯ ಯಂತ್ರವನ್ನೇ ರಿಪೇರಿ ಮಾಡಿಸಿ ಮತ್ತೆ ಗಿರಣಿ ಹಾಕಿದಳು. ಮುಂದಿನ ಮಳೆಗಾಲದಲ್ಲಿ ಅಂಕಿ ಏರಿತು. ಫೋನು ಮಾಡಿ ಹೇಳಿದೆ. ಮಾರನೆಯ ದಿನ ಮತ್ತೆ ಮಾಡಿ, ಹಾಳೆ ತೆರೆದಿಟ್ಟುಕೊಂಡು, ನೀರು ಎಲ್ಲಿಯ ತನಕ ಬಂತು ಎಂದು ಕೇಳಿದೆ.

"ಇಲ್ಲಿಂದ ಹೊಳಿ ಕಾಣೂದಿಲ್ಲ ತಂಗಿ," ಅಂದಳು ಅಕ್ಕ. "ಎಲ್ಲೀತನಕ ಬಂದಾವ, ನೀನ ಹೇಳು."

ನಾನು ಪರದೆಯ ಮೇಲಿದ್ದ ಅಂಕಿಯನ್ನು ಓದಿ ಹೇಳಿದೆ. ಅವಳು ಹೂಂ ಅಂದಳು.