ಮೋತ್ಯಾನಿಗೆ ಕಲಿಸಿದ್ದು

ಆ ದಿನಗಳ ಬಗ್ಗೆ ಬರೆಯುವವರೆಲ್ಲ ಹುರಿದ ಶೇಂಗಾದ ವಾಸನೆ, ಹೊಸ ಬೆಲ್ಲದ ವಾಸನೆ, ಮೊದಲ ಮಳೆಯ ಮಣ್ಣಿನ ವಾಸನೆ ಎಂದು ಬರೆಯುತ್ತಾರೆ. ಬರೆಯಲಿ, ಅವರ ಮೂಗು ಅವರಿಗೆ. ನಾನು ಬೆಳೆದ ಬಸವಕಲ್ಯಾಣದಲ್ಲಿ ಆ ವಾಸನೆಗಳೂ ಇದ್ದವು, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ದೊಡ್ಡವರು ಚೊಂಬು ಹಿಡಿದು ಊರ ಹೊರಗೆ ಹೋಗುತ್ತಿದ್ದರು, ಸಣ್ಣ ಮಕ್ಕಳು ಅಂಗಳದಲ್ಲೇ ಕೂರುತ್ತಿದ್ದವು. ಬೆಳಗಾದರೆ ಒಲೆಯ ಮೇಲಿನ ರೊಟ್ಟಿಯ ವಾಸನೆ, ಅಂಗಳದ ಆ ವಾಸನೆ, ಎರಡೂ ಒಟ್ಟಿಗೇ ಮೂಗಿಗೆ ಬರುತ್ತಿದ್ದವು.

ನನಗೆ ಹುಟ್ಟಿನಿಂದಲೇ ಹೇಸಿಗೆ ಜಾಸ್ತಿ. ಇನ್ನೊಬ್ಬರು ಕುಡಿದ ಲೋಟ ಮುಟ್ಟುತ್ತಿರಲಿಲ್ಲ. ಹಾಲಿನ ಕೆನೆ ಕಂಡರೆ ವಾಂತಿ ಬರುತ್ತಿತ್ತು. "ಇಕಿ ಒಬ್ಬಾಕಿ ರಾಣಿ ಹುಟ್ಯಾಳ ನಮ್ಮನ್ಯಾಗ" ಎಂದು ಆಯಿ, ಅಂದರೆ ಅಪ್ಪನ ತಾಯಿ, ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು. ಅಂಥ ನಾನು ಒಂಬತ್ತನೇ ವಯಸ್ಸಿನಲ್ಲಿ ಒಂದು ನಾಯಿಮರಿ ಸಾಕಿದೆ.

ದಸರಾ ಸೂಟಿಯಲ್ಲಿ ಅವ್ವನ ತಮ್ಮ, ನಾರಾಯಣಪುರದ ಮಾಮಾ, ಅದನ್ನು ಕೈಚೀಲದಲ್ಲಿ ತಂದಿದ್ದ. ಅಲ್ಲಿನ ಹಳೇ ಗುಡಿಯ ಹಿಂದೆ ಸಿಕ್ಕ ಮರಿ. ಚೀಲ ಬಿಚ್ಚಿದರೆ ತನ್ನ ಉಚ್ಚೆಯಲ್ಲಿ ತಾನೇ ನೆಂದು ಕೂತಿತ್ತು. ಕಂದು ಮೈ, ಒಂದು ಕಿವಿ ಬಿಳಿ, ಹೊಟ್ಟೆ ಮಾತ್ರ ತಂಬಿಗೆಯಷ್ಟು. ಕಿವಿಯೊಳಗೆ ರಕ್ತ ಕುಡಿದು ಉಬ್ಬಿದ ಉಣ್ಣೆಗಳು. ಕೆನೆಗೆ ಹೇಸುವ ಹುಡುಗಿ ಆ ಉಣ್ಣೆಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತು ಸೀಮೆಎಣ್ಣೆ ಡಬ್ಬಿಯಲ್ಲಿ ಹಾಕಿದಳು. ಆಗ ಯಾಕೆ ಹೇಸಿಗೆ ಆಗಲಿಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಇಟ್ಟ ಹೆಸರು ಮೋತಿ. ಮೂರು ದಿನದಲ್ಲಿ ಮನೆಯವರೆಲ್ಲ ಅದನ್ನು ಮೋತ್ಯಾ ಮಾಡಿದರು, ಕೊನೆಗೆ ನಾನೂ ಸೋತೆ.

ಓಣಿಯಲ್ಲಿ ನಾಯಿಗಳಿಗೇನು ಕಡಿಮೆ ಇರಲಿಲ್ಲ. ಕುರ್ ಕುರ್ ಎಂದರೆ ಏಳೆಂಟು ಬಂದು ನಿಲ್ಲುತ್ತಿದ್ದವು. ನನಗೆ ಬೇಕಾಗಿದ್ದದ್ದು ಅದಲ್ಲ. ನಾನು ಮೋತ್ಯಾ ಅಂದರೆ ಒಂದೇ ಒಂದು ನಾಯಿ, ಓಣಿಯ ಆ ತುದಿಯಿಂದ, ನನಗಾಗಿ ಓಡಿ ಬರಬೇಕು. ಮನೆಯಲ್ಲಿ ಹನ್ನೊಂದು ಜನ. ಅವರಲ್ಲಿ ನಾನು ಕರೆದರೆ ಬರುವವರು ಒಬ್ಬರೂ ಇರಲಿಲ್ಲ, ಎಲ್ಲರೂ ನನ್ನನ್ನು ಕರೆಯುವವರೇ.

ಕಲಿಸುವ ಬಗೆ ಹೇಳಿಕೊಟ್ಟವರು ಎದುರು ಮನೆಯ ಖಾಸಿಂ ಚಾಚಾ. ಬಸ್ ನಿಲ್ದಾಣಕ್ಕೆ ಟಾಂಗಾ ಹೊಡೆಯುತ್ತಿದ್ದರು. ಅವರು ನಾಲಿಗೆಯಿಂದ ಚಕ್ ಅಂದರೆ ಸಾಕು, ಕುದುರೆ ತಾನೇ ಬಂದು ಟಾಂಗಾದ ಮುಂದೆ ನಿಲ್ಲುತ್ತಿತ್ತು.

"ಕರದಾಗೊಮ್ಮೆ ಕೈಯಾಗ ಏನರೆ ಇರಬೇಕು ಬೇಟಿ" ಎಂದರು ಚಾಚಾ. "ಖಾಲಿ ಕೈ ತೋರಿಸಿದ್ರ ಮರುದಿನ ಬರಂಗಿಲ್ಲ."

"ಕುದುರಿಗೂ ಹಿಂಗೇ ಕಲಿಸೀರೇನ್ರಿ ಚಾಚಾ?"

"ಕುದುರಿಗಿ ನಾ ಎಲ್ಲಿ ಕಲಿಸೇನಿ, ಕುದುರೀನೇ ನನಗ ಕಲಿಸ್ಯಾದ." ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು. "ಮತ್ತೊಂದು ಮಾತು ನೆನಪಿಡು. ಕರದು ಹೊಡೀಬ್ಯಾಡ. ಸಿಟ್ಟು ಬಂದ್ರ ನೀನೇ ಅದರ ಹತ್ರ ಹೋಗಿ ಹೊಡಿ. ಕರದು ಹೊಡದಿ ಅಂದ್ರ ಮುಗೀತು."

ರಾತ್ರಿ ಉಳಿದ ಜೋಳದ ರೊಟ್ಟಿಯನ್ನು ಬೆಲ್ಲದ ನೀರಿನಲ್ಲಿ ಅದ್ದಿ ಫ್ರಾಕಿನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಮಧ್ಯಾಹ್ನಕ್ಕೆ ಅದು ಹುಳಿ ಹಿಡಿದು ನಾರುತ್ತಿತ್ತು, ಇರುವೆ ಹತ್ತಿ ತೊಡೆ ಕಚ್ಚುತ್ತಿದ್ದವು. ಗೆಳತಿಯರು ಕುಂಟೆಬಿಲ್ಲೆಗೆ ಕರೆದರೆ ಹೋಗುತ್ತಿರಲಿಲ್ಲ. ಮೊದಲು ಹೊಸ್ತಿಲಿನಿಂದ ಕರೆದೆ, ಆಮೇಲೆ ಮನೆ ಮುಂದೆ ಗಟಾರದ ಮೇಲೆ ಹಾಸಿದ ಪರಸಿಕಲ್ಲಿನ ಮೇಲೆ ನಿಂತು ಕರೆದೆ. ಸೂಟಿ ಮುಗಿಯುವ ಹೊತ್ತಿಗೆ ಓಣಿಯ ತುದಿಯ ಬೇವಿನ ಮರದ ಕೆಳಗೆ ಎಂಜಲೆಲೆ ನೆಕ್ಕುತ್ತಿದ್ದ ಮೋತ್ಯಾ, ನಾನು ಒಂದೇ ಸಲ ಕೂಗಿದರೆ ಎಲೆ ಬಿಟ್ಟು, ಕಿವಿ ಹಿಂದಕ್ಕೆ ಮಾಡಿಕೊಂಡು ಓಡಿ ಬರುತ್ತಿತ್ತು. ನಿಲ್ಲಲು ಬಾರದೆ ನನ್ನ ಕಾಲಿಗೆ ಡಿಕ್ಕಿ ಹೊಡೆದು ಬೀಳುತ್ತಿತ್ತು. ಅಷ್ಟು ಸಂತೋಷ ನನಗೆ ಶಾಲೆಯಲ್ಲಿ ಪಾಸಾದಾಗಲೂ ಆಗಿದ್ದಿಲ್ಲ.

ಇದನ್ನೆಲ್ಲ ಕಾಕಿ ನೋಡುತ್ತಿದ್ದಳು. ಅಪ್ಪನ ತಮ್ಮನ ಹೆಂಡತಿ, ಒಳ್ಳೆಯ ಹೆಂಗಸೇ. ಅವಳ ಮಗನಿಗೆ ಆಗ ಒಂದು ವರ್ಷ. ದಿನಾ ಬೆಳಿಗ್ಗೆ ಅವನು ಅಂಗಳದಲ್ಲಿ ಕೂತು ಎದ್ದ ಮೇಲೆ ಕಾಕಿ ಬೂದಿ ಹಾಕಿ, ತಗಡಿನ ತುಂಡಿನಿಂದ ಬಳಿದು, ಹೊರಗೆ ಚೆಲ್ಲಿ, ಬಾವಿಯಿಂದ ಹೊತ್ತು ತಂದ ನೀರು ಹಾಕಿ ತೊಳೆಯಬೇಕಿತ್ತು. ಒಂದು ದಿನ ತಗಡು ಕೈಯಲ್ಲಿ ಹಿಡಿದವಳು ಏನನ್ನಿಸಿತೋ, ಬಾಗಿಲ ಕಡೆ ಮುಖ ಮಾಡಿ ಕೂಗಿದಳು.

"ಮೋತ್ಯಾ, ಬಾ."

ಮೋತ್ಯಾ ಬಂತು. ನಾನು ಕಲಿಸಿದ ಹಾಗೆಯೇ, ಕಿವಿ ಹಿಂದಕ್ಕೆ ಮಾಡಿಕೊಂಡು ಓಡಿ ಬಂತು. ಅಂಗಳ ನೆಕ್ಕಿ ಸ್ವಚ್ಛ ಮಾಡಿತು. ಅಲ್ಲಿಗೇ ನಿಲ್ಲದೆ ಮಗುವಿನ ಹಿಂಭಾಗವನ್ನೂ ನೆಕ್ಕಿತು. ಮಗು ಕಚಗುಳಿಯಾಗಿ ಕೇಕೆ ಹಾಕಿ ನಕ್ಕಿತು. ಮನೆಮಂದಿಯೆಲ್ಲ ನಕ್ಕರು. ನಾನು ತಿನ್ನುತ್ತಿದ್ದ ರೊಟ್ಟಿ ಬಾಯಲ್ಲೇ ಉಳಿಯಿತು.

"ನೀರೂ ಉಳೀತು, ಅದರ ಹೊಟ್ಟಿನೂ ತುಂಬ್ತು" ಎಂದಳು ಆಯಿ. "ನೀ ಯಾಕ ಮಾರಿ ಕಿವುಚಾಕತ್ತಿ? ನಾಯಿ ಮತ್ತೇನು ಹೋಳಿಗಿ ತಿಂತಾವೇನು?"

ಊರ ನಾಯಿಗಳೆಲ್ಲ ಅದನ್ನೇ ತಿನ್ನುತ್ತವೆಂದು ನನಗೂ ಗೊತ್ತಿತ್ತು. ಎಷ್ಟೋ ಮನೆಯಲ್ಲಿ ಹೀಗೇ ನಾಯಿ ಕರೆಯುತ್ತಿದ್ದರು. ಆದರೆ ಅವರು ಕುರ್ ಕುರ್ ಎಂದು ಯಾವುದಾದರೂ ನಾಯಿಯನ್ನು ಕರೆಯುತ್ತಿದ್ದರು. ಇದಕ್ಕೆ ನಾನು ಹೆಸರಿಟ್ಟಿದ್ದೆ, ಇರುವೆ ಕಚ್ಚಿಸಿಕೊಂಡು ಆ ಹೆಸರಿಗೆ ಬರುವುದನ್ನು ಕಲಿಸಿದ್ದೆ. ಒಂದು ವಾರದಲ್ಲಿ ಪಕ್ಕದ ಮನೆಯವರೂ ಹಿತ್ತಲ ಗೋಡೆಯ ಮೇಲಿಂದ "ನಿಮ್ಮ ಮೋತ್ಯಾಗ ಈ ಕಡಿ ಕಳಸ್ರಿ" ಎನ್ನತೊಡಗಿದರು. ಓಣಿಯಲ್ಲಿ ಐದು ಕೂಸುಗಳಿದ್ದವು. ಬೆಳಿಗ್ಗೆ ಐದು ಅಂಗಳಗಳಿಂದ ನಾನಿಟ್ಟ ಹೆಸರು ಕೇಳುತ್ತಿತ್ತು, ಮೋತ್ಯಾ ಒಂದು ಕರೆಯನ್ನೂ ತಪ್ಪಿಸುತ್ತಿರಲಿಲ್ಲ. ದುಂಡಗಾಯಿತು, ಮೈ ಮಿಂಚತೊಡಗಿತು. ಆ ಮಿಂಚು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ನಾನು ರೊಟ್ಟಿಯ ಚೂರನ್ನು ಕೈಯಲ್ಲಿ ಕೊಡುವುದು ಬಿಟ್ಟು ದೂರದಿಂದ ಎಸೆಯತೊಡಗಿದೆ.

ಶಾಲೆ ಶುರುವಾದ ಮೇಲೆ ಒಂದು ಬೆಳಿಗ್ಗೆ ನನ್ನ ತರಗತಿಯ ಶಾಂತಾ ನನ್ನ ಜೊತೆ ಹೋಗಲು ಮನೆಗೆ ಬಂದಳು. ಪರಸಿಕಲ್ಲಿನ ಮೇಲೆ ನಿಂತು, ನನ್ನ ನಾಯಿ ಕರೆದರೆ ಬರುತ್ತದೆ ನೋಡು ಎಂದು ಜಂಬದಿಂದ ಕೂಗಿದೆ. ಬೇವಿನ ಮರದ ಹತ್ತಿರದಿಂದ ಮೋತ್ಯಾ ಓಡಿ ಬರುತ್ತಿತ್ತು. ಅದೇ ಹೊತ್ತಿಗೆ ಹಿಂದೆ ಅಂಗಳದಿಂದ ಕಾಕಿ ಕೂಗಿದಳು. ಮೋತ್ಯಾ ನನ್ನನ್ನು ಸವರಿಕೊಂಡು ಒಳಗೆ ಹೋಯಿತು, ನನ್ನ ಮುಖವನ್ನೂ ನೋಡಲಿಲ್ಲ.

"ನೀ ಕರದ್ರ ಎಲ್ಲಿ ಬರ್ತದ? ಹೇಲಿನ ವಾಸನಿಗಿ ಬರ್ತದ" ಎಂದಳು ಶಾಂತಾ. ಮೂಗು ಮುಚ್ಚಿಕೊಂಡು ನಕ್ಕಳು.

ನಾನು ಅಲ್ಲೇ ನಿಂತೆ. ಒಳಗಿನ ಕೆಲಸ ಮುಗಿಯುವವರೆಗೆ ಕಾದು ಮತ್ತೆ ಕರೆದೆ, "ಮೋತ್ಯಾ, ಬಾ." ಬಂತು. ಬಾಲ ಆಡಿಸುತ್ತ ಬಂದು, ಹಿಂಗಾಲಿನ ಮೇಲೆ ಎದ್ದು, ಒಗೆದು ಇಸ್ತ್ರಿ ಮಾಡಿದ ನನ್ನ ನೀಲಿ ಲಂಗದ ಮೇಲೆ ಮುಂಗಾಲಿಟ್ಟು, ಆ ಬಾಯಿಯಿಂದ, ಆ ನಾಲಿಗೆಯಿಂದ ನನ್ನ ಅಂಗೈ ನೆಕ್ಕಿತು. ಬಿಸಿ ನಾಲಿಗೆ. ಆ ವಾಸನೆ ಬಂತು.

ಕಾಲಿನ ಚಪ್ಪಲಿ ತೆಗೆದು ಅದರ ಮೂತಿಗೆ ಹೊಡೆದೆ. ಅದು ಓಡಿ ಹೋಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಓಡಲಿಲ್ಲ. ತಪ್ಪು ತನ್ನದೇ ಎಂಬಂತೆ ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ಆ ಹೊಟ್ಟೆ ಕಂಡು ನನಗೆ ಇನ್ನೂ ಹೇಸಿಗೆಯಾಗಿ ಮತ್ತೆ ಹೊಡೆದೆ. ಎಷ್ಟು ಸಲ ಹೊಡೆದೆನೋ ಎಣಿಸಲಿಲ್ಲ. ಶಾಂತಾಳ ನಗು ನಿಂತಿತ್ತು.

ಎದುರಿಗೆ ಚಾಚಾ ಟಾಂಗಾ ಕಟ್ಟುತ್ತಿದ್ದರು. ಲಗಾಮು ಕೈಯಲ್ಲಿ ಹಿಡಿದುಕೊಂಡೇ ಕೇಳಿದರು, "ನೀ ಕರದಿದ್ದೇನು ಬೇಟಿ, ಇಲ್ಲ ಅದೇ ಬಂದಿತ್ತೇನು?"

"ಅದೇ ಬಂತ್ರಿ ಚಾಚಾ" ಎಂದೆ.

ಅವರು ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿದರು, "ಹ್ಞಾಂ" ಎಂದರು, ಕುದುರೆಯ ಕಡೆ ತಿರುಗಿದರು. ನಾನು ಕೂಗಿದ್ದು ಓಣಿಯ ತುದಿಯವರೆಗೂ ಕೇಳಿಸಿತ್ತು.

ಅವತ್ತಿನಿಂದ ಮೋತ್ಯಾ ಉಳಿದವರು ಕರೆದರೆ ಅಂಗಳದೊಳಗೆ ಬರುತ್ತಿತ್ತು. ನಾನು ಕರೆದರೆ ಪರಸಿಕಲ್ಲಿನ ಆ ಬದಿಯವರೆಗೆ ಬಂದು ನಿಲ್ಲುತ್ತಿತ್ತು. ಬಾಲ ಆಡಿಸುತ್ತಿತ್ತು, ಕಲ್ಲು ದಾಟುತ್ತಿರಲಿಲ್ಲ. ಬೆಲ್ಲ ಹಿಡಿದು ಕರೆದೆ, ಕದ್ದ ಬೆಣ್ಣೆ ಹಿಡಿದು ಕರೆದೆ, ಅತ್ತು ಕರೆದೆ. ಮುಂದೆ ಓಣಿಯ ಕೂಸುಗಳು ಬೆಳೆದವು, ಬೇರೆ ಕೂಸುಗಳು ಹುಟ್ಟಿದವು, ನಾನು ಮದುವೆಯಾಗಿ ಹುಮನಾಬಾದಿಗೆ ಹೋದೆ. ಅದು ಒಮ್ಮೆಯೂ ಆ ಕಲ್ಲು ದಾಟಿ ನನ್ನ ಹತ್ತಿರ ಬರಲಿಲ್ಲ.

ನನ್ನ ಮಗಳಿಗೆ ಒಂದು ವರ್ಷವಾದಾಗ ಪಂಚಮಿಗೆ ತವರಿಗೆ ಬಂದಿದ್ದೆ. ಚಾಚಾ ಅಷ್ಟರಲ್ಲಿ ತೀರಿಕೊಂಡಿದ್ದರು. ಮೋತ್ಯಾ ಮುದಿಯಾಗಿತ್ತು, ಮೂತಿ ಬೆಳ್ಳಗಾಗಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಬೆಳಿಗ್ಗೆ ಮಗಳು ಅಂಗಳದಲ್ಲಿ ಕೂತಳು. ನನಗೆ ಸಾಕಾಗಿತ್ತು, ರಾತ್ರಿಯೆಲ್ಲ ಅವಳು ಮಲಗಗೊಟ್ಟಿರಲಿಲ್ಲ. ಬೂದಿ ತರಲು ಏಳಬೇಕಲ್ಲ ಎಂಬ ಸೋಮಾರಿತನದಲ್ಲಿ ನನ್ನ ಬಾಯಿಂದಲೇ ಬಂತು, "ಮೋತ್ಯಾ, ಬಾ."

ಬಂತು. ಕಲ್ಲಿನವರೆಗೆ ಬಂದು ನಿಂತಿತು. ಕುರುಡು ಬಿದ್ದ ಕಣ್ಣಿನಲ್ಲೂ ಆ ಕಲ್ಲು ಅದಕ್ಕೆ ಗೊತ್ತಿತ್ತು. ಒಳಗಿನಿಂದ ಕಾಕಿ "ನೀ ತಡಿ, ನಾ ಕರೀತೀನಿ" ಎಂದಳು. ನಾನು ಬೇಡವೆಂದೆ. ನಾನೇ ಬೂದಿ ಹಾಕಿ ಬಳಿದೆ, ನೀರು ಹಾಕಿ ತೊಳೆದೆ. ನನ್ನ ಮಗಳದು ನನಗೆ ಹೇಸಿಗೆ ಅನ್ನಿಸಲಿಲ್ಲ. ಅವತ್ತು ಹೇಸಿಗೆಯಾದದ್ದು ಆ ಹೆಸರು ಕೂಗಿದ ನನ್ನ ಬಾಯಿಯ ಬಗ್ಗೆ.

ಈಗ ಹುಮನಾಬಾದಿನಲ್ಲೇ ಮಾಣಿಕನಗರದ ದಾರಿಯಲ್ಲಿ ನಮ್ಮ ಮನೆ. ಮನೆಮನೆಗೂ ಪಾಯಖಾನೆ ಇದೆ, ಆದರೇನು. ಕೂಸುಗಳ ಹೊಲಸನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಸ್ತೆ ಬದಿ ಎಸೆಯುತ್ತಾರೆ, ನಾಯಿಗಳು ಅದನ್ನೇ ಎಳೆದಾಡುತ್ತವೆ. ಹೆಸರಿಟ್ಟು ಕರೆಯುವವರು ಮಾತ್ರ ಯಾರೂ ಇಲ್ಲ. ಅಂಗಳ ಹೋಯಿತೆಂದು ನನಗೆ ದುಃಖವಿಲ್ಲ, ಆ ವಾಸನೆ ಹೋಯಿತೆಂದು ಯಾರೂ ಅಳಬೇಕಿಲ್ಲ. ನಾನು ಕಳೆದುಕೊಂಡದ್ದು ಒಂದೇ. ನನ್ನ ದನಿ ಕೇಳಿ ಎಲೆ ಬಿಟ್ಟು, ನಿಲ್ಲಲು ಬಾರದೆ ಬಂದು ನನ್ನ ಕಾಲಿಗೆ ಡಿಕ್ಕಿ ಹೊಡೆಯುವಷ್ಟು ನಂಬಿಕೆ ಒಂದು ಜೀವಕ್ಕೆ ಇತ್ತು. ಆಮೇಲೆ ಗಂಡ, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಕರೆದರೆ ಬಂದಿದ್ದಾರೆ, ಆದರೆ ಹಾಗೆ ಯಾರೂ ಬಂದಿಲ್ಲ.

ಚಾಚಾ ಕೇಳಿದ್ದಕ್ಕೆ ನಿಜವಾದ ಉತ್ತರ ಹಾಗೇ ಉಳಿದಿದೆ. ಕೇಳಿಸಿಕೊಳ್ಳಲು ಅವರಿಲ್ಲ, ಆದರೂ ಹೇಳುತ್ತೇನೆ. ಅದು ತಾನಾಗಿ ಬರಲಿಲ್ಲ ಚಾಚಾ. ನಾನೇ ಕರೆದಿದ್ದೆ.