ನೇರಳೆ ಬೊಟ್ಟಿನ ಕ್ಯಾಸೆಟ್

ಬೆಳಗಿನ ಏಳು ಗಂಟೆ. ಆನವಟ್ಟಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ವಿಡಿಯೊ ಲೈಬ್ರರಿಯೊಂದರ ಷಟರ್ ಅರ್ಧ ಎತ್ತಿದೆ. ಅಂಗಡಿಯ ಆರುನೂರ ನಲವತ್ತು ಕ್ಯಾಸೆಟ್‌ಗಳನ್ನು ಕಟ್ಟೆಯ ಮೇಲೆ ಸುರಿದುಕೊಂಡು ಕೊಟ್ರೇಶ್ ಕೂತಿದ್ದಾರೆ. ಒಂದೊಂದನ್ನೇ ಡಬ್ಬಿಯಿಂದ ತೆಗೆಯುತ್ತಾರೆ, ಎಳೆಬಿಸಿಲಿಗೆ ಹಿಡಿಯುತ್ತಾರೆ, ಅದರ ಬೆನ್ನು ನೋಡಿ ಪಕ್ಕಕ್ಕಿಡುತ್ತಾರೆ. ಟ್ಯೂಬ್‌ಲೈಟಿನಲ್ಲಿ ಈ ಕೆಲಸ ಆಗುವುದಿಲ್ಲವಂತೆ. "ಆ ಬೆಳಕ್ನಾಗೆ ನೇರಳೆನೂ ಕಪ್ಪೇ, ಬಾಟ್ಲಿ ಹಸಿರೂ ಕಪ್ಪೇ. ಬಿಸ್ಲು ಬೀಳ್ಬೇಕ್ರೀ, ಆಗ ಬಣ್ಣ ತಾನೇ ಹೇಳ್ತೈತೆ" ಎನ್ನುತ್ತಾರೆ.

ಹತ್ತು ಗಂಟೆಯ ಬಸ್ಸಿಗೆ ಶಿವಮೊಗ್ಗದಿಂದ ಒಬ್ಬರು ಬರುವವರಿದ್ದಾರೆ. ಮದುವೆ ಶೂಟಿಂಗ್ ಮಾಡುವವರು. ಅಂಗಡಿಯ ಅಷ್ಟೂ ಕ್ಯಾಸೆಟ್‌ಗಳನ್ನು ಒಯ್ದು, ಅಳಿಸಿ, ಅವುಗಳ ಮೇಲೆ ಹೊಸ ಮದುವೆಗಳನ್ನು ತುಂಬಿಸಿಕೊಳ್ಳುತ್ತಾರೆ. ಆ ರಾಶಿಯೊಳಗೆ ಒಂದು ಹಳೆಯ ಮದುವೆಯೂ ಸೇರಿಕೊಂಡಿರಬಹುದು ಎಂಬುದೇ ಈ ತರಾತುರಿಗೆ ಕಾರಣ.

ಆ ಮದುವೆ ವನಜಮ್ಮನವರ ಮಗಳದು. ವನಜಮ್ಮ ಗುಡವಿ ಕಡೆಯವರು. ನಿನ್ನೆಯೇ ಬಂದು ಇಲ್ಲಿ ತಂಗಿಯ ಮನೆಯಲ್ಲಿ ಉಳಿದು, ಬೆಳಗಾಗುವ ಮೊದಲೇ ಅಂಗಡಿಯ ಮೆಟ್ಟಿಲಿಗೆ ಬಂದು ಕೂತಿದ್ದಾರೆ. ತೊಡೆಯ ಮೇಲೆ ಖಾಲಿ ಕ್ಯಾಸೆಟ್ ಡಬ್ಬಿ. 1995ರಲ್ಲಿ ಮಗಳು ಸೌಂದರ್ಯಳ ಮದುವೆಯಾಯಿತು. ಮರುವರ್ಷ ಗಂಡ ಗಂಗಾಧರಪ್ಪ ತೀರಿಕೊಂಡರು. ಅವರ ಫೋಟೊ ಮನೆಯಲ್ಲಿ ನಾಲ್ಕಿವೆ. ದನಿ ಇರುವುದು ಮದುವೆಯ ಕ್ಯಾಸೆಟ್ಟಿನಲ್ಲಿ ಮಾತ್ರ. ಎರಡು ವರ್ಷ ಅದನ್ನು ಹಾಕಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ಕಳೆದ ವಾರ ಸೌಂದರ್ಯ ತನ್ನ ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಕೂಸಿಗೆ ಅಜ್ಜನ ಮಾತು ಕೇಳಿಸೋಣವೆಂದು ಟಿವಿ, ಕ್ಯಾಸೆಟ್ ಹಾಕಿ ನೋಡುವ ವಿಸಿಪಿ ಬಾಡಿಗೆಗೆ ತರಿಸಿದರು. ಡಬ್ಬಿ ತೆಗೆದು ಹಾಕಿದರೆ ಬಂದದ್ದು ಯಾವುದೋ ಹೊಡೆದಾಟದ ಸಿನಿಮಾ.

"ಮುಖ ಮರೆಯಲ್ಲ ಕಣ್ರೀ. ದನಿ ಮರ್ತು ಹೋಗ್ತಾ ಅದೆ. ನಂಗೆ ಅದೇ ಹೆದ್ರಿಕೆ" ಎನ್ನುತ್ತಾರೆ ವನಜಮ್ಮ.

ಆದದ್ದಿಷ್ಟು. ಮದುವೆಯಾದ ಹೊಸತರಲ್ಲಿ ನೆಂಟರೆಲ್ಲ ಸೇರಿ ಒಂದು ಭಾನುವಾರ ಮದುವೆಯ ಕ್ಯಾಸೆಟ್ಟನ್ನೂ ಎರಡು ಸಿನಿಮಾಗಳನ್ನೂ ಒಟ್ಟಿಗೆ ನೋಡಿದ್ದರು. ಮರುದಿನ ವಾಪಸ್ ಕೊಡುವ ಗಡಿಬಿಡಿಯಲ್ಲಿ ಇದನ್ನು ಅದರ ಡಬ್ಬಿಗೆ, ಅದನ್ನು ಇದರ ಡಬ್ಬಿಗೆ ತುರುಕಿದ್ದಾರೆ. ಟಿವಿ ಬಾಡಿಗೆಗೆ ತಂದ ಮನೆಗಳಲ್ಲೆಲ್ಲ ಆಗುತ್ತಿದ್ದ ಎಡವಟ್ಟು ಇದು. ನಮ್ಮ ಮನೆಯಲ್ಲೂ ಆಗಿದೆ, ಬೈಸಿಕೊಂಡವನು ನಾನೇ. ಈಗ ಆ ಸಿನಿಮಾದ ಡಬ್ಬಿ ಹುಡುಕಿ ತೆಗೆದರೆ ಒಳಗೆ ಮೂರನೆಯದೇ ಏನೋ ಇದೆ. ಕ್ಯಾಸೆಟ್ಟಿನ ಮೇಲೆ ಅಂಟಿಸಿದ್ದ ಚೀಟಿಗಳು ಎರಡು ಮಳೆಗಾಲಕ್ಕೇ ಉದುರಿಹೋಗಿವೆ. ಉಳಿದಿರುವ ಗುರುತು ಒಂದೇ, ಅದು ಗೊತ್ತಿರುವುದು ಕೊಟ್ರೇಶ್ ಒಬ್ಬರಿಗೇ.

ಕೊಟ್ರೇಶ್ ಶಿಕಾರಿಪುರದವರು, ವಯಸ್ಸು ನಲವತ್ತಾರು. ಅಂಗಡಿಗಳ ಬೋರ್ಡು, ಗಾಡಿಗಳ ನಂಬರ್ ಪ್ಲೇಟು ಬರೆಯುವ ಪೇಂಟರ್. ಈಗ 1998; ಇಲ್ಲಿಗೆ ಹತ್ತು ವರ್ಷದ ಹಿಂದೆ ಶಿಕಾರಿಪುರ, ಆನವಟ್ಟಿ, ಸೊರಬದ ಮೂರು ವಿಡಿಯೊ ಲೈಬ್ರರಿಗಳು ಅವರಿಗೆ ಇನ್ನೊಂದು ಕೆಲಸ ಹಚ್ಚಿದವು. ಕ್ಯಾಸೆಟ್ಟಿನ ಅಚ್ಚಾದ ಹೊದಿಕೆಗಳು ನಾಲ್ಕು ಕೈ ದಾಟುವಷ್ಟರಲ್ಲಿ ಹರಿಯುತ್ತಿದ್ದವು, ಇಲ್ಲವೇ ಯಾರದೋ ಮನೆಯ ಗೋಡೆ ಸೇರುತ್ತಿದ್ದವು. ಬೋಳು ಡಬ್ಬಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಆಗ ಹಳೆಯ ಕ್ಯಾಲೆಂಡರಿನ ಹಿಂಬದಿಯ ಮೇಲೆ ಹೊಸ ಹೊದಿಕೆ ಬರೆದುಕೊಡುವುದು ಕೊಟ್ರೇಶ್ ಪಾಲಿಗೆ ಬಂತು. ಕೆಲಸ ಜೋರಿದ್ದಾಗ ದಿನಕ್ಕೆ ಆರು. ಒಟ್ಟು ಸಾವಿರದ ಎಂಟುನೂರರ ಮೇಲಾಗಿರಬಹುದು ಎಂದು ಅವರ ಅಂದಾಜು. ಒಂದರ ಮೇಲೂ ಅವರ ಹೆಸರಿಲ್ಲ.

ಮೊದಮೊದಲು ನಾಯಕರ ಮುಖ ಬರೆಯುತ್ತಿದ್ದರು. ಒಬ್ಬ ಅಭಿಮಾನಿ ಡಬ್ಬಿ ಹಿಡಿದುಕೊಂಡು ಜಗಳಕ್ಕೇ ಬಂದನಂತೆ. "ನಮ್ ಹೀರೋ ಹಿಂಗ್ ಅದಾನೇನ್ರೀ, ನಿಮ್ ಮಾವ ಇದ್ದಂಗ್ ಅದಾನ್ ಅಂದ. ನಿಜ ಹೇಳ್ಬೇಕಂದ್ರೆ ನಮ್ ಮಾವನ್ನೇ ನೋಡ್ಕೊಂಡು ಬರ್ದಿದ್ದೆ" ಎಂದು ಕೊಟ್ರೇಶ್ ನಗುತ್ತಾರೆ. ಅಂದಿನಿಂದ ಮುಖ ಬಿಟ್ಟರು. ಮನೆಯಲ್ಲಿ ಟಿವಿ ಇಲ್ಲದ್ದರಿಂದ ಸಿನಿಮಾ ನೋಡುವ ಮಾತೇ ಇರಲಿಲ್ಲ. ಲೈಬ್ರರಿಯವರು ಐದು ನಿಮಿಷದಲ್ಲಿ ಕಥೆ ಹೇಳಬೇಕು, ಇವರು ಅದರಿಂದ ಒಂದು ವಸ್ತು ಹೆಕ್ಕಿಕೊಂಡು ಬರೆಯಬೇಕು. ಒಂದಕ್ಕೆ ಏಣಿ, ಒಂದಕ್ಕೆ ಒಡೆದ ಬಳೆ, ಇನ್ನೊಂದಕ್ಕೆ ಒಂದೇ ದೀಪದ ಬಸ್ಸು. ನಾವು ಅಂಗಡಿಗೆ ಹೋಗಿ "ಏಣಿ ಐತೇನ್ರೀ?" ಎಂದೇ ಕೇಳುತ್ತಿದ್ದೆವು. ಆ ಸಿನಿಮಾದ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಈ ಪದ್ಧತಿಯಿಂದ ಎಡವಟ್ಟುಗಳೂ ಆಗಿವೆ. ಈ ಆನವಟ್ಟಿ ಲೈಬ್ರರಿಯ ಮಾಲೀಕ ಸಿದ್ಧಲಿಂಗೇಶ್ ಅರ್ಧ ನಿದ್ದೆಯಲ್ಲಿ ನೋಡಿದ ಸಿನಿಮಾದ ಕಥೆಗೆ ಇನ್ನೊಂದರ ಕಥೆ ಸೇರಿಸಿ ಹೇಳಿದ್ದಕ್ಕೆ, ಅತ್ತೆ ಸೊಸೆಯರ ಚಿತ್ರವೊಂದಕ್ಕೆ ಕೊಟ್ರೇಶ್ ಹೆಡೆಯೆತ್ತಿದ ಹಾವು ಬರೆದುಬಿಟ್ಟರು. ಹಾವಿನ ಚಿತ್ರವೆಂದರೆ ಆಗ ಟಿವಿಯ ಮುಂದೆ ಹಾಲಿಟ್ಟು, ದೀಪ ಹಚ್ಚಿ ನೋಡುತ್ತಿದ್ದ ಕಾಲ. ಒಂದು ಮನೆಯ ಹೆಂಗಸರು ಮಡಿಯುಟ್ಟು, ಕೈಮುಗಿದು ಮೂರು ಗಂಟೆ ಕಾದರಂತೆ. ಮರುದಿನ ಕ್ಯಾಸೆಟ್ ವಾಪಸ್ ತಂದವರು ಸಿಟ್ಟಾಗಲಿಲ್ಲ. "ಹಾವು ಬರ್ಲೇ ಇಲ್ಲ, ಹಾಲು ನಾವೇ ಕಾಫಿಗ್ ಹಾಕ್ಕೊಂಡ್ವಿ" ಎಂದು ಹೇಳಿ ಹೋದರು.

ಕೇಬಲ್ ಬಂದ ಮೇಲೆ ಸೊರಬದ ಲೈಬ್ರರಿ ಮುಚ್ಚಿತು, ಶಿಕಾರಿಪುರದ್ದೂ ಮುಚ್ಚಿತು. ಇವತ್ತು ಇದು. ಈ ಜಾಗಕ್ಕೆ ಎಸ್‌ಟಿಡಿ ಬೂತ್ ಬರುತ್ತದೆ. ನನಗೆ ಬೇಜಾರಾಗುತ್ತಿದೆ, ಮುಚ್ಚಿಡುವುದೇನು? ಒಂದು ಕ್ಯಾಸೆಟ್ ಆರಿಸಲು ಒಂದು ಗಂಟೆ ನಿಂತು, ಡಬ್ಬಿಗಳ ಚಿತ್ರ ನೋಡಿಯೇ ಅರ್ಧ ಕಥೆ ಕಟ್ಟಿಕೊಳ್ಳುತ್ತಿದ್ದ ಸುಖ ರಿಮೋಟು ಒತ್ತುವುದರಲ್ಲಿ ಇಲ್ಲ.

ಇರಲಿ, ಗುರುತಿನ ವಿಷಯಕ್ಕೆ ಬರೋಣ. ಹೊದಿಕೆ ಬರೆದ ಮೇಲೆ ಉಳಿಯುವ ಚಿಟಿಕೆ ಬಣ್ಣವನ್ನು ಕೊಟ್ರೇಶ್ ಒರೆಸಿ ಎಸೆಯುವವರಲ್ಲ. ಅದೇ ಡಬ್ಬಿಯ ಕ್ಯಾಸೆಟ್ ತೆಗೆದು ಅದರ ಬೆನ್ನಿಗೆ ಬೆರಳಿನಿಂದ ಒಂದು ಬೊಟ್ಟಿಡುತ್ತಾರೆ. "ಎರಡು ಸಲ ಕಲಸಿದ್ ಬಣ್ಣ ಒಂದೇ ಥರ ಬರಲ್ರೀ. ಡಬ್ಬಿಗೂ ಕ್ಯಾಸೆಟ್ಟಿಗೂ ಒಂದೇ ಬಣ್ಣ ಇದ್ರೆ ಅವೆರಡೂ ಒಂದ್ ಮನೇವು. ಇದನ್ನ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ." ಮದುವೆ ಕ್ಯಾಸೆಟ್ಟುಗಳಿಗೂ ಅವರೇ ಹೊದಿಕೆ ಬರೆಯುತ್ತಿದ್ದರು. ಅವಕ್ಕೆ ಮದುಮಗಳ ಧಾರೆ ಸೀರೆಯ ಅಂಚೇ ಚಿತ್ರ. ವನಜಮ್ಮನ ಕೈಯಲ್ಲಿರುವ ಡಬ್ಬಿಯ ಮೇಲೆ ನೇರಳೆ ಬಣ್ಣದ ಅಂಚಿದೆ. ಹುಡುಕಬೇಕಾದ್ದು ಅದೇ ನೇರಳೆಯ ಬೊಟ್ಟು.

ಎಂಟೂವರೆಗೆ ನಾನೂರು ಮುಗಿಯುತ್ತದೆ. ನೇರಳೆ ಎರಡು ಸಿಗುತ್ತವೆ, ಡಬ್ಬಿಯ ಪಕ್ಕ ಹಿಡಿದು ನೋಡಿ ಕೊಟ್ರೇಶ್ ಅಲ್ಲವೆಂದು ತಲೆಯಾಡಿಸುತ್ತಾರೆ. ಒಂಬತ್ತೂಕಾಲಿಗೆ ಕೊನೆಯ ಕ್ಯಾಸೆಟ್ಟೂ ಪಕ್ಕಕ್ಕೆ ಹೋಗುತ್ತದೆ. ಇಲ್ಲ. ವನಜಮ್ಮ ಸೆರಗು ಹೊದ್ದು ಏಳುತ್ತಾರೆ. ಕೊಟ್ರೇಶ್ ಏಳುವುದಿಲ್ಲ. "ಅಮ್ಮಾ, ಕೂತ್ಕಳ್ರಿ" ಎಂದವರು ಸಿದ್ಧಲಿಂಗೇಶ್ ಕಡೆ ತಿರುಗುತ್ತಾರೆ. "ಸಿದ್ಲಿಂಗಣ್ಣ, ಇದ್ರಾಗೆ ಪಿಚ್ಚರ್ ಇಲ್ಲ ಅಂತ ಯಾರಾದ್ರೂ ವಾಪಸ್ ತಂದಿರ್ಬೇಕಲ್ಲ. ಅಂಥವನ್ನ ಎಲ್ಲಿಡ್ತಿದ್ದಿ?"

ಸಿದ್ಧಲಿಂಗೇಶ್ ಮುಖ ಬಿಳಿಚಿಕೊಳ್ಳುತ್ತದೆ. ಅವರು ಒಳಗೆ ಹೋಗಿ ಟಿವಿ ಇಟ್ಟಿದ್ದ ಮೇಜಿನ ಒಂದು ಮೂಲೆಯನ್ನು ಎತ್ತುತ್ತಾರೆ. ಕುಂಟುತ್ತಿದ್ದ ಆ ಮೇಜಿನ ಒಂದು ಕಾಲಿನ ಕೆಳಗೆ ಮೇಜು ಮಟ್ಟವಾಗಲೆಂದು ತುರುಕಿದ ಕ್ಯಾಸೆಟ್ಟೊಂದು ಕೂತಿದೆ. "ಹಾಳಾಗಿರೋದು ಅನ್ಕಂಡೆ ಕಣ್ರೀ, ಹಾಕಿ ಸಹ ನೋಡ್ಲಿಲ್ಲ" ಎನ್ನುವಾಗ ಅವರಿಗೆ ತಲೆ ಎತ್ತಲಾಗುತ್ತಿಲ್ಲ. ಒಂದು ಮೂಲೆ ಸೀಳಿದೆ, ಬೆನ್ನ ತುಂಬ ದೂಳು. ಕೊಟ್ರೇಶ್ ಹೆಬ್ಬೆರಳಿನಿಂದ ಉಜ್ಜುತ್ತಾರೆ. ಬಿಸಿಲಿಗೆ ಹಿಡಿಯುತ್ತಾರೆ. ನೇರಳೆ.

ಸಿಕ್ಕಿತು ಎಂದು ಕುಣಿಯುವ ಹಾಗಿಲ್ಲ, ಓಡುತ್ತದೋ ಇಲ್ಲವೋ ನೋಡಬೇಕು. ರೀಲಿನ ಅಂಚಿಗೆ ಹತ್ತಿದ್ದ ಬಿಳಿ ಬೂಷ್ಟನ್ನು ಕೊಟ್ರೇಶ್ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಕೊಡುತ್ತಾರೆ. ಸಿದ್ಧಲಿಂಗೇಶ್ ವಿಸಿಪಿಗೆ ಹಾಕುತ್ತಾರೆ. ಗೆರೆಗಳು, ಗೆರೆಗಳು, ಮತ್ತೆ ಗೆರೆಗಳು. ಆಮೇಲೆ ವಾಲಗದ ಸದ್ದು, ಊಟದ ಪಂಕ್ತಿ, ಬೂಂದಿಯ ಬುಟ್ಟಿ ಹಿಡಿದ ರುಮಾಲಿನವರೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು ಬೈಯುತ್ತಿದ್ದಾರೆ: "ಏ ಮಾರಾಯ, ಆ ಲೈಟು ನನ್ ಮುಖಕ್ಕ್ ಯಾಕ್ ಹಿಡೀತಿ, ಹುಡುಗಿ ಕಡೆ ತಿರುಗ್ಸು. ಉಂಡ್ಯೋ ಇಲ್ವೋ ನೀನು?"

"ಇಷ್ಟೇ ಇವ್ರದ್ದು, ಕಂಡೋರಿಗೆಲ್ಲ ಉಂಡ್ಯಾ ಉಂಡ್ಯಾ" ಎನ್ನುತ್ತಾ ವನಜಮ್ಮ ಅಳುತ್ತಾರೆ, ಅಳುತ್ತಲೇ ನಗುತ್ತಾರೆ. ಸಿದ್ಧಲಿಂಗೇಶ್ ಉಸ್ಸಪ್ಪಾ ಎಂದು ಕಟ್ಟೆಯ ಮೇಲೆ ಕುಸಿಯುತ್ತಾರೆ. ನನ್ನ ಎದೆಯ ಮೇಲಿನ ಭಾರವೂ ಇಳಿಯಿತು. ಬರೆಯಲು ಬಂದವನು ಪುಸ್ತಕ ಪೆನ್ನು ಎಲ್ಲಿಟ್ಟೆ ಎಂದು ಆಮೇಲೆ ಹುಡುಕಬೇಕಾಯಿತು.

ಶಿವಮೊಗ್ಗದವರು ಹೇಳಿದ ಹೊತ್ತಿಗೆ ಬಂದರು, ಉಳಿದವನ್ನು ಚೀಲಗಳಿಗೆ ತುಂಬಿದರು. ಹೊದಿಕೆಗಳು ಅವರಿಗೆ ಬೇಡ. ಏಣಿ, ಬಳೆ, ಬಸ್ಸು, ಹಾವು ಎಲ್ಲವನ್ನೂ ಕಿತ್ತು ಕಟ್ಟೆಯ ಮೇಲೆ ಬಿಟ್ಟು ಹೋದರು. ಕೊಟ್ರೇಶ್ ಅವನ್ನು ಎತ್ತಿ ಒಟ್ಟುಮಾಡುತ್ತಿಲ್ಲ. ಅವರಿನ್ನೂ ಟಿವಿಯ ಮುಂದೆಯೇ ಇದ್ದಾರೆ. ತಾವು ಹೊದಿಕೆ ಬರೆದ ಕ್ಯಾಸೆಟ್ಟೊಂದನ್ನು ಅವರು ಪೂರ್ತಿ ನೋಡುತ್ತಿರುವುದು ಇದೇ ಮೊದಲು. ಧಾರೆಯ ಹೊತ್ತಿಗೆ ಮುಂದಕ್ಕೆ ಬಾಗಿ ನೋಡಿದವರು, ಮುಗಿದ ಮೇಲೆ ಸಂಕೋಚದಿಂದ ಕೈ ಚಾಚುತ್ತಾರೆ.

"ಅಮ್ಮಾ, ಆ ಡಬ್ಬಿ ಒಂದೆರಡು ದಿನ ಕೊಡ್ರಿ. ಸೀರೆ ಅಂಚು ಬದ್ನೇಕಾಯಿ ಬಣ್ಣ ಐತೆ, ನಾನು ಕೇಳಿದ್ ಮಾತ್ಮೇಲೆ ನೇರಳೆ ಹಾಕೀನಿ. ಇಷ್ಟ್ ವರ್ಷದಾಗೆ ಇದೊಂದನ್ನಾದ್ರೂ ಕಣ್ಣಾರೆ ನೋಡಿ ಸರಿಯಾಗ್ ಬರೀಬೇಕು ಅಂತ ಆಸೆ."

ವನಜಮ್ಮ ಕ್ಯಾಸೆಟ್ಟನ್ನು ಡಬ್ಬಿಗಿಟ್ಟು, ಮುಚ್ಚಳ ಟಪ್ಪೆನ್ನುವವರೆಗೆ ಒತ್ತಿ, ಸೆರಗಿನೊಳಗೆ ಸೇರಿಸಿಕೊಳ್ಳುತ್ತಾರೆ.

"ಬ್ಯಾಡ ಪೇಂಟ್ರೇ. ನಮ್ಮನೇರ ದನಿ ಇರೋದು ನೀವ್ ಹಚ್ಚಿದ್ ನೇರಳೆ ಒಳ್ಗೆ. ನಂಗೆ ಅದೇ ಸರಿ."