ಮಹಾದೇವಿಯ ನೋಟ್‌ಬುಕ್ ನನ್ನ ಕಪಾಟಿನಲ್ಲಿದ್ದ ದಿನಗಳು

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಕಚೇರಿಯಲ್ಲಿ ಬಡ್ತಿ ಪರೀಕ್ಷೆಯ ಸುತ್ತೋಲೆ ಬಂತು. ನಮ್ಮ ವಿಭಾಗಕ್ಕೆ ಇದ್ದದ್ದು ಒಂದೇ ಹುದ್ದೆ. ಅರ್ಜಿ ಹಾಕಿದವರು ಇಬ್ಬರು, ನಾನು ಮತ್ತು ಮಹಾದೇವಿ.

ನಾನು ಅಲ್ಲಿ ಹದಿನಾರು ವರ್ಷದಿಂದ ಗುಮಾಸ್ತೆ. ಅವಳು ಸೇರಿ ಏಳು ವರ್ಷವಾಗಿತ್ತು. ನಮ್ಮ ಊರು ಉಡುಪಿಯ ಹತ್ತಿರ, ಅವಳದು ವಿಜಯಪುರದ ಕಡೆ. ಕಟ್ಟಡ ಕೆಲಸಕ್ಕೆಂದು ಬಂದ ಅವಳ ಅಪ್ಪ ಮುಂಬಯಿಯಲ್ಲೇ ನಿಂತವರು. ಇಬ್ಬರ ಮನೆಯೂ ಕಾಂದಿವಲಿಯಲ್ಲಿದ್ದ ಕಾರಣ ಬೆಳಿಗ್ಗೆ ಒಂದೇ ಲೋಕಲ್‌ನಲ್ಲಿ ಚರ್ಚ್‌ಗೇಟಿಗೆ ಹೋಗುತ್ತಿದ್ದೆವು.

ನನಗೆ ಮೊದಲಿನಿಂದಲೂ ಒಂದು ತೊಂದರೆ. ಪುಸ್ತಕ ಹಿಡಿದರೆ ಕಣ್ಣು ಸಾಲಿನ ಮೇಲೆ ಹೋಗುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ಪುಟ ಮುಗಿದಾಗ ಏನು ಓದಿದೆ ಎಂದರೆ ಏನೂ ಇಲ್ಲ. ಮನೆಯವರು ಪಾಪ, ಮಗಳ ಮಂಚ ಹೊರಗಿನ ಕೋಣೆಗೆ ಹಾಕಿ ಒಳಗಿನ ಕೋಣೆಯನ್ನು ನನಗೇ ಬಿಟ್ಟುಕೊಟ್ಟರು. ಮೊಬೈಲನ್ನು ಅಕ್ಕಿ ಡಬ್ಬದ ಮೇಲೆ ಇಟ್ಟೆ. ಒಂದೆಲಗದ ಚಟ್ನಿ ತಿಂದೆ, ನೆನೆಸಿದ ಬಾದಾಮಿ ತಿಂದೆ. ಬೆಳಿಗ್ಗೆ ಐದಕ್ಕೆ ಎದ್ದು ಪ್ರಾಣಾಯಾಮ ಮಾಡಿದೆ. ಇಪ್ಪತ್ತೈದು ನಿಮಿಷಕ್ಕೆ ಅಲಾರಂ ಇಟ್ಟು ಓದಿದೆ. ಅಲಾರಂ ಯಾವಾಗ ಹೊಡೆಯುತ್ತದೆ ಎಂದು ಕಾಯುವುದರಲ್ಲೇ ಇಪ್ಪತ್ತೈದು ನಿಮಿಷ ಹೋಗುತ್ತಿತ್ತು.

ಮಹಾದೇವಿಗೆ ಇರುವುದು ಚಾಳಿನ ಒಂದು ಕೋಣೆ. ಅದರಲ್ಲಿ ಗಂಡ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಅವಳು ಓದುತ್ತಿದ್ದದ್ದು ರೈಲಿನಲ್ಲಿ, ಅದೂ ನಿಂತುಕೊಂಡು. ಲೇಡೀಸ್ ಡಬ್ಬಿಯಲ್ಲಿ ಸೀಟಿಗೆ ಜಗಳ, ಕ್ಲಿಪ್ಪು ಮಾರುವವಳ ಕೂಗು, ಫೋನಿನಲ್ಲಿ ಗಂಡನ ಮೇಲೆ ರೇಗುವವರು. ಆ ನಡುವೆ ಅವಳು ಬೆನ್ನನ್ನು ತಗಡಿಗೆ ಆನಿಸಿ, ನೋಟ್‌ಬುಕ್ ಎದೆಯ ಹತ್ತಿರ ಹಿಡಿದು ನಿಂತರೆ ಚರ್ಚ್‌ಗೇಟಿನವರೆಗೆ ತಲೆ ಎತ್ತುತ್ತಿರಲಿಲ್ಲ. ಆಗಾಗ ಪೆನ್ಸಿಲಿನಲ್ಲಿ ಏನೋ ಗೀಚುತ್ತಿದ್ದಳು, ಅಷ್ಟೇ.

"ಈ ಗಲಾಟೆಯಲ್ಲಿ ಹೇಗೆ ಓದ್ತಿ ಮಾರಾಯ್ತಿ?" ಎಂದು ಒಮ್ಮೆ ಕೇಳಿದೆ.

"ಏನಿಲ್ರೀ ಅಕ್ಕಾ, ಓದೂದಷ್ಟ," ಎಂದಳು.

ಗುಟ್ಟು ಬಿಟ್ಟುಕೊಡುತ್ತಿಲ್ಲ ಎಂದುಕೊಂಡೆ. ಅದೇ ವಾರ ನಾನು ಎರಡು ಪತ್ರಗಳ ವಿಳಾಸ ಅದಲುಬದಲು ಮಾಡಿದ್ದೆ. ನಮ್ಮ ಸಾಹೇಬರು ಎಲ್ಲರೆದುರಿಗೆ, "ಸುಜಾತಾ ಮೇಡಂ, ಧ್ಯಾನ್ ಕಹಾಂ ಹೈ ಆಪ್‌ಕಾ? ಮಹಾದೇವಿ ಕೋ ದೇಖೋ, ಕುಛ್ ಸೀಖೋ," ಎಂದರು. ನನ್ನ ಗಮನ ಎಲ್ಲಿದೆಯೋ, ಅವಳನ್ನು ನೋಡಿ ಕಲಿಯಬೇಕಂತೆ. ಆ ದಿನದಿಂದ ಅವಳು ತಲೆ ಬಗ್ಗಿಸಿ ಓದುವುದನ್ನು ಕಂಡರೆ ನನಗೆ ಹೊಟ್ಟೆಯೊಳಗೆ ಉರಿ ಏಳುತ್ತಿತ್ತು. ನನಗೆ ಎಲ್ಲವೂ ಇದ್ದು ಬಾರದ್ದು, ಏನೂ ಇಲ್ಲದ ಅವಳಿಗೆ ಹೇಗೆ ಬಂತು?

ಪರೀಕ್ಷೆಗೆ ಹನ್ನೊಂದು ದಿನ ಇತ್ತು. ಬುಧವಾರ ಮಧ್ಯಾಹ್ನ ಊಟದ ಕೋಣೆಯಲ್ಲಿದ್ದಾಗ ಅವಳಿಗೆ ಫೋನ್ ಬಂತು. "ಅತ್ತಿ ಮಂಚದಿಂದ ಬಿದ್ದಾರಂತ, ನಾ ಹೊಂಟೆ ಅಕ್ಕಾ," ಎಂದು ಡಬ್ಬಿಯನ್ನೂ ಮುಚ್ಚದೆ ಓಡಿದಳು. ನೋಟ್‌ಬುಕ್ ಮೇಜಿನ ಮೇಲೆ ಉಳಿಯಿತು. ಯಾರಾದರೂ ಎಸೆದಾರು ಎಂದು ನಾನೇ ಚೀಲಕ್ಕೆ ಹಾಕಿಕೊಂಡೆ. ನಾಳೆ ಕೊಡಬೇಕೆಂದೇ ಹಾಕಿಕೊಂಡದ್ದು, ಇದು ಸತ್ಯ.

ಮರುದಿನ ಸ್ಟೇಷನ್ನಿನಲ್ಲಿ ಅವಳೇ ಮೊದಲು ಕೇಳಿದಳು. "ಅತ್ತಿಗೆ ಏನೂ ಆಗಿಲ್ರೀ. ಅಕ್ಕಾ, ನನ್ನ ನೋಟ್‌ಬುಕ್ ಎಲ್ಲರೆ ನೋಡೀರೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ.

ಯಾಕೆ ಹಾಗೆ ಮಾಡಿದೆನೋ ಆ ಕ್ಷಣದಲ್ಲಿ ನನಗೂ ತಿಳಿಯಲಿಲ್ಲ. ರೈಲು ಹತ್ತಿದ ಮೇಲೆ ತಿಳಿಯಿತು. ಕೈ ಖಾಲಿಯಾಗಿದ್ದ ಮಹಾದೇವಿ ಅತ್ತ ಇತ್ತ ನೋಡುತ್ತಿದ್ದಳು, ಜಗಳ ಆಡುವವರ ಕಡೆ ತಿರುಗುತ್ತಿದ್ದಳು, ಸೆರಗಿನ ತುದಿ ಸುತ್ತುತ್ತಿದ್ದಳು. ಅವಳು ನನ್ನಂತೆಯೇ ಕಾಣುತ್ತಿದ್ದಳು. ಅದನ್ನು ನೋಡಿ ನನಗೆ ಹಾಯೆನಿಸಿತು.

ಶುಕ್ರವಾರ ಕೇಳಿದಳು, "ಸಿಕ್ಕಿತೇನ್ರೀ ಅಕ್ಕಾ?" ಶನಿವಾರವೂ ಕೇಳಿದಳು. ಎರಡು ಸಲವೂ ಇಲ್ಲವೆಂದೇ ತಲೆಯಾಡಿಸಿದೆ. ನೋಟ್‌ಬುಕ್ ನಮ್ಮ ಕಪಾಟಿನಲ್ಲಿ, ಸೀರೆಗಳ ಕೆಳಗೆ ಇತ್ತು.

ಭಾನುವಾರ ನಾನು ಓದಲೆಂದು ಮನೆಯವರು ಮಗಳನ್ನು ಕರೆದುಕೊಂಡು ಬೈಕುಲ್ಲಾದ ನಾದಿನಿಯ ಮನೆಗೆ ಹೋದರು. ಮನೆಯಲ್ಲಿ ಒಂದು ಸದ್ದಿಲ್ಲ. ಪುಸ್ತಕ ತೆರೆದೆ. ಅರ್ಧ ಗಂಟೆ ಒಂದೇ ಪುಟ ನೋಡಿ, ಕೊನೆಗೆ ಎದ್ದು ಕಪಾಟಿನಿಂದ ಅವಳ ನೋಟ್‌ಬುಕ್ ತೆಗೆದೆ. ಅವಳ ಗುಟ್ಟು ಅದರಲ್ಲಿ ಇರಬಹುದು ಎಂಬ ಆಸೆ.

ನಿಯಮಗಳನ್ನು ಅಚ್ಚುಕಟ್ಟಾಗಿ ಬರೆದುಕೊಂಡಿದ್ದಳು. ಆದರೆ ಪ್ರತಿ ಪುಟದ ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಮಾತುಗಳು. 'ಅತ್ತಿ ಗುಳಿಗಿ.' 'ನೀರು ಬಂತೋ ಇಲ್ಲೋ.' 'ಪಪ್ಪು ಕೆಮ್ಮು.' 'ಅಕ್ಕಿ ಆರಿಸಿಲ್ಲ.' ಮೊದಮೊದಲ ಪುಟಗಳಲ್ಲಿ ಇಂಥವು ಇಪ್ಪತ್ತು, ಇಪ್ಪತ್ತೈದು. ಅಂಚು ಸಾಲದೆ ಮೇಲೆಯೂ ಬರೆದಿದ್ದಳು. ಸ್ವಲ್ಪ ಹೊತ್ತಿಗೆ ನನಗೆ ಅರ್ಥವಾಯಿತು. ಮನಸ್ಸು ಎಲ್ಲಿಗೆ ಓಡಿತೋ ಅದನ್ನು ಒಂದು ಮಾತಿನಲ್ಲಿ ಬರೆದಿಟ್ಟು ಮತ್ತೆ ಸಾಲಿಗೆ ಬರುತ್ತಿದ್ದಳು. ನಾನು ಕದಲದ ಮನಸ್ಸು ಎಂದುಕೊಂಡದ್ದು ಪುಟಕ್ಕೆ ಇಪ್ಪತ್ತೈದು ಸಲ ಓಡಿಹೋಗಿ ವಾಪಸು ಬಂದದ್ದು. ಕೊನೆಯ ಪುಟಗಳಲ್ಲಿ ಆರೇಳಕ್ಕೆ ಇಳಿದಿತ್ತು.

ಹಾಗೆ ತಿರುವುತ್ತಿದ್ದಾಗ ನನ್ನ ಹೆಸರು ಸಿಕ್ಕಿತು. 'ಸುಜಾತಕ್ಕನ ಖೋಲಿ.' ಅದೇ ಪುಟದಲ್ಲಿ ಮತ್ತೆ ಮತ್ತೆ. ಕೆಳಗೆ, 'ಬಾಗಲಾ ಹಾಕ್ಕೊಂಡು ಓದಬಹುದು.' ಹಿಂದಿನ ತಿಂಗಳು ಅರಿಶಿನ ಕುಂಕುಮಕ್ಕೆ ಬಂದವಳು ನನ್ನ ಓದುವ ಕೋಣೆಯ ಬಾಗಿಲಲ್ಲಿ ಒಂದು ನಿಮಿಷ ಸುಮ್ಮನೆ ನಿಂತಿದ್ದಳು. ಆಗ ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಸೋಮವಾರ ಸ್ಟೇಷನ್ನಿಗೆ ಬೇಗ ಹೋಗಿ ನಿಂತೆ. ಅವಳು ಬಂದೊಡನೆ ನೋಟ್‌ಬುಕ್ ಕೈಗೆ ಕೊಟ್ಟೆ.

"ಎಲ್ಲಿ ಸಿಕ್ಕಿತ್ರೀ?" ಅವಳ ಮುಖ ಅರಳಿತು.

ಮೇಜಿನ ಕೆಳಗೆ ಸಿಕ್ಕಿತು ಎಂದು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ನನ್ನ ಹತ್ರವೇ ಇತ್ತು ಮಹಾದೇವಿ. ಬುಧವಾರದಿಂದ. ನೀನು ಕೇಳಿದಾಗಲೂ ಇತ್ತು. ನಿನ್ನ ಓದು ನೋಡಿ ನನಗೆ ತಡೀಲಿಕ್ಕೆ ಆಗ್ಲಿಲ್ಲ."

ಅವಳು ಪುಟ ತಿರುವಿದಳು. "ಓದೀರೇನು?"

"ಓದಿದೆ."

"ನಿಮ್ಮ ಹೆಸರೂ ನೋಡಿರಬೇಕಲ್ಲ?"

"ನೋಡಿದೆ."

ಅವಳು ಹಳಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದಳು. "ನಿಮ್ಮ ಮನಿಗೆ ಬಂದು ಹೋದ ಮ್ಯಾಲೆ ನಾಕ ದಿನ ನನಗ ಓದಾಕ ಆಗಿಲ್ರೀ. ಆ ಖೋಲಿನ ಕಣ್ಣಾಗ ಬರೂದು. ಹೊಟ್ಟಿ ನನಗೂ ಉರಿತೈತಿ ಅಕ್ಕಾ. ಆದ್ರ ನಾ ನಿಮ್ಮ ಬಾಗಲಾ ಕಿತಗೊಂಡು ಹೋಗಲಿಲ್ಲ."

ಅಷ್ಟರಲ್ಲಿ ರೈಲು ಬಂತು. ಅವಳು ಹತ್ತಿದಳು. ನನಗೆ ಅವಳ ಜೊತೆ ಹತ್ತುವ ಧೈರ್ಯ ಬರಲಿಲ್ಲ, ಮುಂದಿನ ಗಾಡಿಗೆ ಹೋದೆ.

ಹುದ್ದೆ ಮಹಾದೇವಿಗೇ ಸಿಕ್ಕಿತು. ಆ ಐದು ದಿನ ನೋಟ್‌ಬುಕ್ ಇಲ್ಲದೆಯೂ ಸಿಕ್ಕಿತಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳಲಾರೆ, ಸಿಕ್ಕಿದ್ದು ಅವಳ ದುಡಿಮೆಯಿಂದ, ನನ್ನ ತಪ್ಪು ಅದರಿಂದ ಕಡಿಮೆಯಾಗುವುದಿಲ್ಲ. ನಾನು ಮುಂದಿನ ಸಲ ತೇರ್ಗಡೆಯಾದೆ. ಪೆನ್ಸಿಲಿನ ಅಭ್ಯಾಸ ಅವಳಿಂದಲೇ ಕಲಿತದ್ದು, ನನಗೂ ಅದು ಕೆಲಸ ಮಾಡಿತು. ಕಚೇರಿಯಲ್ಲಿ ಅವಳು ಈ ವಿಷಯ ಯಾರಿಗೂ ಹೇಳಲಿಲ್ಲ. ಕೆಲವು ತಿಂಗಳ ನಂತರ ಮಾತು ಮತ್ತೆ ಶುರುವಾಯಿತು. ಮಕ್ಕಳ ಶಾಲೆ, ರೈಲಿನ ತಡ, ಹೀಗೆ ಮೇಲುಮೇಲಿನ ಮಾತು.

ಸುಳ್ಳು ಹೇಳುವುದಿಲ್ಲ, ಅವಳ ಮೇಲೆ ನನಗೆ ಈಗಲೂ ಕೆಲವೊಮ್ಮೆ ಹೊಟ್ಟೆಕಿಚ್ಚು ಬರುತ್ತದೆ. ಅದಕ್ಕೆ ಅಷ್ಟು ನಾಚಿಕೆಯೂ ಇಲ್ಲ. ಅದು ಬರುತ್ತದೆ, ಹೋಗುತ್ತದೆ. ಹೋಗದೆ ಉಳಿದಿರುವುದು ಒಂದೇ. ಮೂರು ಬೆಳಿಗ್ಗೆ ಅವಳು ನನ್ನನ್ನು ನಂಬಿ ಕೇಳಿದಳು. ಮೂರು ಸಲವೂ ನಾನು ಅವಳ ಮುಖ ನೋಡಿಯೇ ತಲೆಯಾಡಿಸಿದೆ.